ಶ್ರಮಬಿಂದು ಸಾಗರ: ನೀರು ನಿಲ್ಲಿಸಿದ ಮೇಲೆ ಉಳಿಯುವ ಕೆಲಸ

ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಿಗೆಯ ಹೊತ್ತಿಗೆ ಜಮಖಂಡಿ ಸೀಮೆಯಲ್ಲಿ ಸೊರಗಿ ಹೋಗುವುದು ಇಲ್ಲಿನವರಿಗೆ ಹೊಸ ಸಂಗತಿಯಲ್ಲ. ನದಿ ಹುಟ್ಟುವುದು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ. ಅದಕ್ಕೆ ನೀರು ಕೊಡುವ ಕೊಯ್ನಾದಂತಹ ದೊಡ್ಡ ಜಲಾಶಯಗಳೂ ಅಲ್ಲಿಯೇ ಇವೆ. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಕರ್ನಾಟಕವು ನೆರೆರಾಜ್ಯಕ್ಕೆ ಪತ್ರ ಬರೆಯುವುದು, ಸಚಿವರು ಮುಂಬಯಿಗೆ ಹೋಗಿ ಬರುವುದು, ದಂಡೆಯ ಜನ ನೀರಿನ ದಾರಿ ಕಾಯುವುದು ಅನೇಕ ವರ್ಷಗಳಿಂದ ನಡೆದುಬಂದಿದೆ.

ಈ ಕಾಯುವಿಕೆಗೆ ಬೇಸತ್ತ ಜಮಖಂಡಿ ಭಾಗದ ರೈತರು 1980ರ ದಶಕದ ಕೊನೆಯಲ್ಲಿ ಒಂದು ಅಪರೂಪದ ತೀರ್ಮಾನಕ್ಕೆ ಬಂದರು. ಸರ್ಕಾರ ಕಟ್ಟದಿದ್ದರೆ ತಾವೇ ಕಟ್ಟುವುದು ಎಂಬುದೇ ಆ ತೀರ್ಮಾನ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ರೂಪುಗೊಂಡಿತು. ಊರೂರಿನ ರೈತರು ವಂತಿಗೆ ಕೊಟ್ಟರು, ಶ್ರಮದಾನ ಮಾಡಿದರು. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಎದ್ದು ನಿಂತಿತು. ಬೆವರ ಹನಿಯ ನೆನಪಿಗೆ ಅದಕ್ಕೆ 'ಶ್ರಮಬಿಂದು ಸಾಗರ' ಎಂದು ಹೆಸರಿಟ್ಟರು. ರೈತರೇ ಹಣ ಹಾಕಿ ದೊಡ್ಡ ನದಿಯೊಂದಕ್ಕೆ ಕಟ್ಟಿದ ದೇಶದ ಮೊದಲ ಬ್ಯಾರೇಜ್ ಎಂದು ಅದು ಹೆಸರಾಯಿತು.

ಮುಂದಿನ ರಾಜಕೀಯ ಕಥೆ ಬಹುಜನರಿಗೆ ತಿಳಿದದ್ದೇ. 'ಬ್ಯಾರೇಜ್ ಸಿದ್ದು' ಎಂದೇ ಜನಪ್ರಿಯರಾದ ನ್ಯಾಮಗೌಡರು 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದಿಂದ ಸ್ಪರ್ಧಿಸಿ, ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿದರು. ಕೇಂದ್ರದಲ್ಲಿ ರಾಜ್ಯ ಸಚಿವರಾದರು. 2013 ಮತ್ತು 2018ರಲ್ಲಿ ಜಮಖಂಡಿಯ ಶಾಸಕರಾಗಿ ಆಯ್ಕೆಯಾದರು. 2018ರ ಮೇ 28ರಂದು ತುಳಸಿಗೇರಿ ಬಳಿ ನಡೆದ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆದರೆ ಬ್ಯಾರೇಜಿನ ವಿಷಯದಲ್ಲಿ ಚುನಾವಣೆಗಿಂತ ಹೆಚ್ಚು ಗಮನಿಸಬೇಕಾದದ್ದು, ಕಟ್ಟಿದ ಮೇಲೆ ಅದನ್ನು ನಡೆಸಿಕೊಂಡು ಬಂದ ರೀತಿ.

ಹಿಮ್ಮುಖವಾಗಿ ಏರುವ ನೀರು

ಬ್ಯಾರೇಜ್ ಎಂದರೆ ಅಣೆಕಟ್ಟಿನಂತೆ ವರ್ಷವಿಡೀ ನೀರು ಹಿಡಿದು ನಿಲ್ಲುವ ಗೋಡೆಯಲ್ಲ. ನದಿಯ ಪಾತ್ರದಲ್ಲಿ ಸಾಲಾಗಿ ಕಂಬಗಳು, ಅವುಗಳ ನಡುವೆ ಕಂಡಿಗಳು. ಆ ಕಂಡಿಗಳಿಗೆ ಗೇಟು. ಪ್ರವಾಹದ ಕಾಲದಲ್ಲಿ ಕಂಡಿಗಳು ತೆರೆದಿದ್ದು ನದಿ ತನ್ನ ಪಾಡಿಗೆ ಹರಿಯುತ್ತದೆ. ಮಳೆ ಇಳಿದು ನೀರಿನ ಸೆಳೆತ ತಗ್ಗಿದ ಮೇಲೆ ಗೇಟು ಹಾಕಿ, ಕೊನೆಯ ಹರಿವನ್ನು ಹಿಡಿದುಕೊಳ್ಳುತ್ತಾರೆ. ಮುಂದಿನ ಮುಂಗಾರಿಗೆ ಮುನ್ನ ಮತ್ತೆ ತೆರೆಯಬೇಕು. ತುಸು ಬೇಗ ಹಾಕಿದರೆ ಹಿಂಗಾರಿನ ದಿಢೀರ್ ನೆರೆಗೆ ಅಪಾಯ. ತಡವಾದರೆ ನೀರು ಕೈತಪ್ಪಿ ಹೋಗುತ್ತದೆ. ಈ ಕೆಲಸ ಒಂದು ವರ್ಷಕ್ಕೆ ಮುಗಿಯುವಂಥದಲ್ಲ.

ಇನ್ನೊಂದು ಕೆಲಸವಂತೂ ಮೊದಲ ಬಾರಿ ಕೇಳಿದವರಿಗೆ ವಿಚಿತ್ರವೆನಿಸುತ್ತದೆ. ಚಿಕ್ಕಪಡಸಲಗಿ ಇರುವುದು ಆಲಮಟ್ಟಿ ಜಲಾಶಯದ ಮೇಲ್ಭಾಗದಲ್ಲಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆ ಅಣೆಕಟ್ಟು ಪೂರ್ಣಗೊಂಡ ಮೇಲೆ ಅದರ ಹಿನ್ನೀರು ಈ ಬ್ಯಾರೇಜಿನ ಬುಡಕ್ಕೂ ಬಂದು ನಿಲ್ಲತೊಡಗಿತು. ಬ್ಯಾರೇಜಿನ ಮೇಲಿನ ನೀರು ತಳ ಕಂಡ ವರ್ಷಗಳಲ್ಲಿ ರೈತರು ಕೆಳಗಿನ ಹಿನ್ನೀರನ್ನು ಪಂಪುಗಳಿಂದ ಎತ್ತಿ ಬ್ಯಾರೇಜಿನ ಆಚೆಗೆ, ಅಂದರೆ ನದಿ ಬಂದ ದಿಕ್ಕಿಗೇ ಸುರಿದರು. ಇದಕ್ಕೂ ವಂತಿಗೆಯನ್ನು ತಾವೇ ಕೂಡಿಸಿಕೊಂಡರು.

ಹಿನ್ನೀರಿನಿಂದಲೇ ಪ್ರತಿಯೊಬ್ಬರೂ ನೇರವಾಗಿ ನೀರೆತ್ತಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಸಹಜ. ಉತ್ತರ ಸರಳವಾಗಿದೆ. ಬ್ಯಾರೇಜಿನ ಮೇಲ್ಭಾಗದ ಎರಡೂ ದಂಡೆಗಳುದ್ದಕ್ಕೂ ರೈತರ ಪಂಪ್‌ಸೆಟ್ಟುಗಳಿವೆ, ಕುಡಿಯುವ ನೀರಿನ ಜಾಕ್‌ವೆಲ್ಲುಗಳಿವೆ. ಅವುಗಳ ಬಾಯಿ ಇರುವುದು ಅಲ್ಲಿನ ನೀರಿನ ಮಟ್ಟಕ್ಕೆ. ಒಂದೇ ಕಡೆ ಒಮ್ಮೆ ನೀರೆತ್ತಿ ಬ್ಯಾರೇಜ್ ತುಂಬಿಸಿದರೆ ಅಷ್ಟೂ ಪಂಪುಗಳಿಗೆ ನೀರು ಸಿಗುತ್ತದೆ. ದಂಡೆಯ ಬಾವಿ, ಕೊಳವೆಬಾವಿಗಳಿಗೂ ಒಳಜೀವ ಬರುತ್ತದೆ. ಎಲ್ಲರ ನೀರು ಒಂದೇ ಮಡುವಿನಲ್ಲಿರುವುದರಿಂದ ಖರ್ಚನ್ನೂ ಎಲ್ಲರೂ ಹಂಚಿಕೊಳ್ಳಲೇಬೇಕಾಗುತ್ತದೆ. ದಾನದ ಉತ್ಸಾಹಕ್ಕಿಂತ ಈ ಅನಿವಾರ್ಯತೆಯೇ ಬ್ಯಾರೇಜನ್ನು ಕಾಪಾಡಿದೆ ಎನ್ನಬೇಕು.

ಹಿಡಿದ ನೀರು, ಕುಡಿಯುವ ನೀರು

ಬ್ಯಾರೇಜ್ ನೀರನ್ನು ಹಿಡಿದು ಕೊಡುತ್ತದೆ. ಶುದ್ಧ ಮಾಡಿ ಕೊಡುವುದಿಲ್ಲ. ಜಮಖಂಡಿ, ಬೀಳಗಿ ಮತ್ತು ಮಗ್ಗಗಳ ಊರಾದ ರಬಕವಿ-ಬನಹಟ್ಟಿ ಕೃಷ್ಣೆಯ ಸೀಮೆಯವು. ಮುಧೋಳ ಘಟಪ್ರಭೆಯ ದಂಡೆಯ ಊರು. ಇಡೀ ಸೀಮೆಯೇ ಕಬ್ಬಿನದು. ಗದ್ದೆಗೆ ಹಾಕಿದ ಗೊಬ್ಬರದ ಒಂದಂಶ ಬಸಿದು ನದಿಗೆ, ಅಂತರ್ಜಲಕ್ಕೆ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು; ಫ್ಲೋರೈಡ್ 1.5 ಮಿಲಿಗ್ರಾಂ ದಾಟಬಾರದು. ನದಿಯ ನೀರಿಗೆ ಪಟಿಕ ಹಾಕಿ ಮಣ್ಣು ತಳಕ್ಕೆ ಇಳಿಸಿ, ಮರಳಿನ ಹಾಸಿನಲ್ಲಿ ಸೋಸಿ, ಕ್ಲೋರಿನ್ ಬೆರೆಸುವುದು ಹಳೆಯ ಮತ್ತು ನಂಬಿಕೆಯ ಕ್ರಮ. ಮನೆಯ ನಲ್ಲಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದು ನಿಯಮ. ಆದರೆ ಈ ಕ್ರಮದಿಂದ ನೈಟ್ರೇಟ್, ಫ್ಲೋರೈಡ್‌ಗಳು ಸಾಕಷ್ಟು ಹೋಗುವುದಿಲ್ಲ. ಅದಕ್ಕಾಗಿಯೇ ಹಳ್ಳಿಹಳ್ಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ಅವುಗಳಲ್ಲಿ ಕೆಟ್ಟು ನಿಂತವುಗಳ ವಿಷಯ ವಿಧಾನಮಂಡಲದಲ್ಲಿಯೂ ಪ್ರಸ್ತಾಪವಾಗಿದೆ. ಪೊರೆ ಬದಲಿಸುವವರು ಯಾರು, ವಿದ್ಯುತ್ ಬಿಲ್ ಕಟ್ಟುವವರು ಯಾರು ಎಂಬುದು ಉದ್ಘಾಟನೆಯ ದಿನ ತೀರ್ಮಾನವಾಗದಿದ್ದರೆ ಘಟಕಕ್ಕೆ ಬೀಗ ಬೀಳಲು ಬಹಳ ದಿನ ಬೇಕಿಲ್ಲ.

ಹೊರದೇಶಗಳಲ್ಲಿಯೂ ಇದೇ ತೊಡಕು. ಬಡ ರಾಷ್ಟ್ರಗಳ ಆಸ್ಪತ್ರೆಗಳಿಗೆ ಸ್ವಯಂಸೇವಕರ ತಂಡಗಳು ಹೋಗಿ ನೀರು ಶುದ್ಧೀಕರಿಸುವ ಯಂತ್ರ ಕೂರಿಸಿ ಬರುವುದುಂಟು. ಅದರ ಅಗತ್ಯವೂ ದೊಡ್ಡದು: ಜಗತ್ತಿನ ಪ್ರತಿ ನಾಲ್ಕು ಆರೋಗ್ಯ ಕೇಂದ್ರಗಳಲ್ಲಿ ಒಂದಕ್ಕೆ ಮೂಲಭೂತ ನೀರಿನ ಸೌಕರ್ಯವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2019ರಲ್ಲಿ ವರದಿ ಮಾಡಿದ್ದವು. ಆದರೆ ತಂಡ ವಿಮಾನ ಹತ್ತಿದ ಮೇಲೆ ಯಂತ್ರ ನೋಡಿಕೊಳ್ಳುವ ಕೈ ಆ ಊರಿನದೇ ಆಗಿರಬೇಕಷ್ಟೆ.

ಆಸ್ಪತ್ರೆಯ ನೀರಿನಲ್ಲಿ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದಕ್ಕೆ ಬ್ರೆಜಿಲಿನ ಕರುವಾರು ಪಟ್ಟಣದ ಪ್ರಕರಣ ಸಾಕ್ಷಿ. 1996ರ ಫೆಬ್ರವರಿಯಲ್ಲಿ ಅಲ್ಲಿನ ಡಯಾಲಿಸಿಸ್ ಕೇಂದ್ರವೊಂದರ ರೋಗಿಗಳು ಒಬ್ಬರ ಹಿಂದೊಬ್ಬರಂತೆ ಅಸ್ವಸ್ಥರಾದರು. ಯಕೃತ್ತು ಕೆಟ್ಟು 50ಕ್ಕೂ ಹೆಚ್ಚು ಮಂದಿ ಸತ್ತರು. ನೀರು ಬಂದದ್ದು ಒಂದು ಜಲಾಶಯದಿಂದ, ಟ್ಯಾಂಕರಿನಲ್ಲಿ. ಬಿಸಿಲಿಗೆ ಕಾದು ನಿಂತ ಆ ನೀರಿನಲ್ಲಿ ನೀಲಿ-ಹಸಿರು ಪಾಚಿ ಬೆಳೆದು ವಿಷ ಬಿಟ್ಟಿತ್ತು. ಕುದಿಸಿದರೂ ನಾಶವಾಗದ ಆ ವಿಷವನ್ನು ಕೇಂದ್ರದ ಶೋಧಕಗಳು ತಡೆಯಲಿಲ್ಲ. ಕೃಷ್ಣೆಯಲ್ಲಿ ಅಂಥದು ನಡೆದಿದೆ ಎಂದಲ್ಲ. ಆದರೆ ನಿಂತ ನೀರು, ಬೇಸಿಗೆಯ ಬಿಸಿಲು, ಹೊಲಗಳಿಂದ ಬಂದ ಗೊಬ್ಬರ ಈ ಮೂರೂ ಕೂಡುವ ಯಾವ ಮಡುವಿನಲ್ಲಿಯೂ ಪಾಚಿಯ ಮೇಲೆ ಕಣ್ಣಿಡುವುದು ಅಗತ್ಯ.

ಡಯಾಲಿಸಿಸ್ ಸೇವೆ ಈಗ ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿರುವುದರಿಂದ ಇದು ದೂರದ ಮಾತಾಗಿ ಉಳಿದಿಲ್ಲ. ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು ಬೇಕು. ಅದು ತೆಳುವಾದ ಪೊರೆಯೊಂದರ ಆಚೆ ರೋಗಿಯ ರಕ್ತದ ಪಕ್ಕದಲ್ಲಿಯೇ ಹರಿಯುತ್ತದೆ. ಕುಡಿಯುವ ನೀರನ್ನು ಕಾಯುವ ಕ್ಲೋರಿನ್ ಇಲ್ಲಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ನಲ್ಲಿಯಲ್ಲಿ ಕನಿಷ್ಠ 0.2 ಇರಬೇಕಾದದ್ದು ಇಲ್ಲಿ 0.1 ಮಿಲಿಗ್ರಾಂ ಮೀರಬಾರದು. ಅದನ್ನು ಹೀರಿಕೊಳ್ಳಲು ಇದ್ದಿಲಿನ ತೊಟ್ಟಿ ಇರುತ್ತದೆ. ಪ್ರತಿದಿನ ಬೆಳಿಗ್ಗೆ ಮೊದಲ ರೋಗಿಯನ್ನು ಯಂತ್ರಕ್ಕೆ ಜೋಡಿಸುವ ಮುನ್ನ ತಂತ್ರಜ್ಞರು ಆ ತೊಟ್ಟಿಯಿಂದ ಹೊರಬಂದ ನೀರನ್ನು ಒಂದು ಪುಟ್ಟ ಸೀಸೆಯಲ್ಲಿ ಹಿಡಿದು, ಔಷಧ ಬೆರೆಸಿ, ಬಣ್ಣ ನೋಡಿ ವಹಿಯಲ್ಲಿ ಬರೆದಿಡಬೇಕು.