ಎರಡನೆಯ ಮತ ಯಾರಿಗೆ?

ರಾಯಬಾಗ ತಾಲೂಕಿನ ಮುಗಳಖೋಡ ಹಿಂದೆ ಗ್ರಾಮ ಪಂಚಾಯಿತಿ, ಈಗ ಪುರಸಭೆ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ಪುರಸಭೆಯಲ್ಲಿ ಇರುತ್ತದೆ. ಊರು ಬೆಳೆದಂತೆ ಪಕ್ಷಗಳೂ ಅಧಿಕೃತವಾಗಿ ಓಣಿಯೊಳಗೆ ಬಂದವು. (ಚಿಹ್ನೆ ಇಲ್ಲದ ಕಾಲದಲ್ಲಿ ಪಕ್ಷವೇ ಇರಲಿಲ್ಲವೆಂದು ಯಾರೂ ನಂಬಲಾರರು, ಆ ಮಾತು ಬೇರೆ.) ಚುನಾವಣೆ ಮುಗಿದ ಮೇಲೂ ನೆರೆಮನೆಯವರು ಮಾತು ಬಿಡುವುದು ಕರಾವಳಿಯ ನಮಗೂ ಹೊಸತಲ್ಲ. ಇದರಲ್ಲಿ ಮತ ಎಣಿಸುವ ಕ್ರಮದ ಪಾಲೂ ಇದೆ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ವಿಧಾನಸಭೆಗೆ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕಿಲ್ಲ, ಉಳಿದವರಿಗಿಂತ ಒಂದು ಹೆಚ್ಚಿದ್ದರೆ ಸಾಕು. 2018ರಲ್ಲಿ ಬಿಜೆಪಿಗೆ ಸುಮಾರು ಶೇ. 36 ಮತ, 104 ಸ್ಥಾನ, ಶೇ. 38 ಮತ ಪಡೆದ ಕಾಂಗ್ರೆಸ್ಸಿಗೆ 78. 2023ರಲ್ಲಿ ಬಿಜೆಪಿಯ ಮತ ಮತ್ತೆ ಸುಮಾರು ಶೇ. 36, ಸ್ಥಾನ ಮಾತ್ರ 66. ಹೀಗಿರುವಾಗ ಅಭ್ಯರ್ಥಿಗೆ ಎಲ್ಲರನ್ನೂ ಒಲಿಸಿಕೊಳ್ಳುವ ಅಗತ್ಯವೇನು? ತನ್ನ ಗುಂಪು ಗಟ್ಟಿಯಾಗಿರಬೇಕು, ಎದುರಿನವರು ಒಡೆಯಬೇಕು, ಅಷ್ಟೇ.

ಬೆಳಗಾವಿ ಜಿಲ್ಲೆ ಒಂದು ಸುಧಾರಣೆಗೆ ಕಾರಣವಾದದ್ದೂ ಉಂಟು. 1996ರ ಲೋಕಸಭಾ ಚುನಾವಣೆಯಲ್ಲಿ ಗಡಿ ವಿವಾದದ ಪ್ರತಿಭಟನೆಯಾಗಿ ಬೆಳಗಾವಿ ಕ್ಷೇತ್ರದಲ್ಲಿ 456 ಮಂದಿ ಕಣದಲ್ಲಿದ್ದರು. ತಮಿಳುನಾಡಿನ ಮೊಡಕುರಿಚ್ಚಿಯಲ್ಲಿ 1,033. ಅದೇ ವರ್ಷ ಕಾನೂನು ತಿದ್ದಿ ಲೋಕಸಭೆಯ ಠೇವಣಿಯನ್ನು 500ರಿಂದ 10,000 ರೂಪಾಯಿಗೆ ಏರಿಸಿದರು; ಈಗ ಅದು 25,000. ಪಕ್ಷೇತರರಿಗೆ ಹತ್ತು ಸೂಚಕರು ಬೇಕೆಂದರು. ಮತಪತ್ರ ಚಿಕ್ಕದಾಯಿತು. ಭಾಷೆಯ ಜಗಳ ಹಾಗೆಯೇ ಉಳಿಯಿತು.

ಬೇರೆ ದಾರಿಯೊಂದು ಮುಗಳಖೋಡದ ಪ್ರೌಢಶಾಲೆಯ ಮಾಸ್ತರರಿಗೆ ಗೊತ್ತು. ವಿಧಾನ ಪರಿಷತ್ತಿನ ವಾಯವ್ಯ ಶಿಕ್ಷಕರ ಕ್ಷೇತ್ರಕ್ಕೆ ಮತ ಹಾಕುವಾಗ ಅವರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಪುರಸಭೆಯ ಸದಸ್ಯರೂ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಹೀಗೆಯೇ ಬರೆಯುತ್ತಾರೆ. ಶಿಕ್ಷಕರ ಕ್ಷೇತ್ರದಲ್ಲಿ ಒಂದೇ ಸ್ಥಾನ. ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಪ್ರಾಶಸ್ತ್ಯ ಯಾರಿಗೂ ಬಾರದಿದ್ದರೆ ಕೊನೆಯವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ 2 ಯಾರಿಗಿದೆಯೋ ಅವರಿಗೆ ಕೊಡುತ್ತಾರೆ. ಹೀಗೆ ಸುತ್ತು ಸುತ್ತಾಗಿ ಎಣಿಕೆ ಸಾಗುತ್ತದೆ. ಎದುರಾಳಿಯ ಬೆಂಬಲಿಗನ ‘2’ ನನಗೆ ಬೇಕೆಂದಾದರೆ ಅವನ ಜಾತಿಯನ್ನೋ ಭಾಷೆಯನ್ನೋ ವೇದಿಕೆಯಲ್ಲಿ ಹೀಯಾಳಿಸಲು ನಾನು ಎರಡು ಸಲ ಯೋಚಿಸಬೇಕಾಗುತ್ತದೆ.

ತೊಂದರೆಗಳೂ ಇವೆ. ಕಾಗದದ ಮತಪತ್ರ, ನಿಧಾನದ ಎಣಿಕೆ. ‘1’ ಬರೆದು ಅಲ್ಲಿಗೇ ನಿಲ್ಲಿಸಿದರೂ ಮತ ಸಿಂಧು. ಎಲ್ಲರೂ ಹಾಗೆ ಮಾಡಿದರೆ ಉಪಯೋಗವಿಲ್ಲ. ಪದವೀಧರರ ಕ್ಷೇತ್ರದಲ್ಲೇ ತಪ್ಪು ಗುರುತಿನಿಂದ ಮತಗಳು ಅಸಿಂಧುವಾಗುತ್ತವೆ ಎಂಬುದನ್ನು ನಮ್ಮ ಕಾಲೇಜುಗಳ ಪ್ರಾಧ್ಯಾಪಕರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ವಿಧಾನಸಭೆಗೆ ಈ ಕ್ರಮ ಬರಬೇಕಾದರೆ ಸಂಸತ್ತು 1951ರ ಪ್ರಜಾಪ್ರತಿನಿಧಿ ಕಾಯ್ದೆಯನ್ನು ತಿದ್ದಬೇಕು. ಪುರಸಭೆಯ ವಾರ್ಡಿಗಾದರೆ ದಿಲ್ಲಿಯವರೆಗೆ ಹೋಗಬೇಕಾಗಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ನಮ್ಮ ರಾಜ್ಯದ ಶಾಸಕರ ಕೈಯಲ್ಲಿಯೇ ಇದೆ.