ಜುಲೈ ಸೇಬಿಗೆ ಕಾಯುವ ತಾಳ್ಮೆ ಇಲ್ಲ

ಆಷಾಢದ ಗಾಳಿ ಶುರುವಾದರೆ ದಾವಣಗೆರೆಯ ಎಸ್.ಎಸ್. ಬಡಾವಣೆಯ ತಳ್ಳುಗಾಡಿಗಳಲ್ಲಿ ಮಾವು ಕಡಿಮೆಯಾಗಿ ಹೊಸ ಸೇಬು ಕಾಣಿಸಿಕೊಳ್ಳುತ್ತದೆ. ಮುಂದೆ ಶ್ರಾವಣ, ವರಮಹಾಲಕ್ಷ್ಮಿ ಹಬ್ಬ. ರೇಟು ಏರುವ ಮೊದಲೇ ನಾಲ್ಕೈದು ಕೆ.ಜಿ. ತಂದಿಟ್ಟುಕೊಳ್ಳೋಣ ಎಂದು ಯಾರಿಗಾದರೂ ಅನ್ನಿಸೀತು. ದಯವಿಟ್ಟು ಬೇಡ. ಇದು ತಂದು ತಿನ್ನುವ ಹಣ್ಣು, ಕೂಡಿಡುವ ಹಣ್ಣಲ್ಲ.

ಈ ಸೇಬು ಬರುವ ಹಿಮಾಚಲದಲ್ಲಿ ಮೊದಲು ಕೊಯ್ಲಿಗೆ ಬರುವುದು ಟೈಡ್‌ಮನ್, ರೆಡ್ ಜೂನ್‌ನಂಥ ತಳಿಗಳು. ರಾಯಲ್ ಡೆಲಿಷಿಯಸ್ ಬರುವುದು ಆಗಸ್ಟ್ ಹೊತ್ತಿಗೆ. ಮರದಲ್ಲಿ ಬೇಗ ಬಲಿತ ಹಣ್ಣು ಕೊಯ್ದ ಮೇಲೂ ಅವಸರ ಬಿಡುವುದಿಲ್ಲ. ಅದರ ಉಸಿರಾಟ ಜೋರು. ಮಾಗಿಸುವ ಎಥಿಲೀನ್ ಅನಿಲವನ್ನೂ ಹೆಚ್ಚು ಬಿಡುತ್ತದೆ. ಮಂಡಿ, ಲಾರಿ ದಾಟಿ 2,000 ಕಿ.ಮೀ.ಗೂ ಹೆಚ್ಚು ದೂರ ಬರುವಷ್ಟರಲ್ಲಿ ಅದರ ಒಳ್ಳೆಯ ದಿನಗಳು ಸಾಕಷ್ಟು ಕಳೆದಿರುತ್ತವೆ. ಅಡುಗೆಮನೆ ಕಟ್ಟೆಯ ಮೇಲೆ ಇನ್ನೊಂದು ವಾರ ಬಿಟ್ಟು ಹೆಚ್ಚಿ ನೋಡಿ. ಸಿಪ್ಪೆ ಕೆಂಪಗೇ ಇರುತ್ತದೆ, ಚಾಕುವಿಗೆ ಮಾತ್ರ ರಸ ಅಂಟುವುದಿಲ್ಲ. ರಸ ಬತ್ತಿದ್ದಲ್ಲ. ಜೀವಕೋಶಗಳನ್ನು ಬೆಸೆದಿದ್ದ ಪೆಕ್ಟಿನ್ ಸಡಿಲಗೊಂಡು, ಕಚ್ಚಿದಾಗ ಕೋಶಗಳು ಒಡೆಯದೆ ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ರಸ ಒಳಗೇ ಉಳಿದು ಬಾಯಿಗೆ ಬರೀ ಹಿಟ್ಟು ಹಿಟ್ಟು.

ಇಷ್ಟು ದೂರದ ಪಯಣ ತಪ್ಪಿಸುವ ದಾರಿಯೂ ಇದೆ. ಹಿಮಾಚಲದ ಬಿಲಾಸ್‌ಪುರದ ಹರಿಮನ್ ಶರ್ಮಾ ರೂಪಿಸಿದ ಎಚ್‌ಆರ್‌ಎಂಎನ್-99 ತಳಿ ಹೆಚ್ಚು ಚಳಿ ಬೇಡದೆಯೂ ಫಲ ಕೊಡುತ್ತದೆ. ಕರ್ನಾಟಕದ ರೈತರೂ ಅದನ್ನು ನೆಟ್ಟಿದ್ದಾರೆ. ಶರ್ಮಾ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಸಲ್ಲಬೇಕಾದ ಗೌರವವೇ. ಅವರ ತಳಿಯೂ ಜೂನ್‌ನಲ್ಲಿ ಹಣ್ಣಾಗುವ ಸೇಬು. ನಮ್ಮ ನೆಲದಲ್ಲೇ ಬೆಳೆದರೆ ದಾರಿಯ ದಿನಗಳು ಉಳಿಯುತ್ತವೆ ಎಂಬುದು ನನಗೆ ದೊಡ್ಡ ಆಸೆ ಹುಟ್ಟಿಸುವ ಸಂಗತಿ.

ಕೊಳ್ಳುವಾಗ ತೊಟ್ಟಿನ ಸುತ್ತ ಮೆಲ್ಲಗೆ ಒತ್ತಿ ನೋಡಿ, ಗಟ್ಟಿಯಿದ್ದರೆ ಮಾತ್ರ ತನ್ನಿ. ಒಂದು ಕೆ.ಜಿ. ಸಾಕು. ತಂದ ದಿನವೇ ಫ್ರಿಜ್ಜಿಗೆ ಹೋಗಬೇಕು. ತೊಳೆದಿಡಬೇಡಿ: ತೊಟ್ಟಿನ ಗುಣಿಯಲ್ಲಿ ನೀರು ನಿಂತರೆ ಕೊಳೆ ಅಲ್ಲಿಂದಲೇ ಏಳುತ್ತದೆ. ಪೆಟ್ಟು ಬಿದ್ದದ್ದನ್ನು ಮೊದಲು ತಿಂದು, ಉಳಿದದ್ದನ್ನು ನಾಲ್ಕಾರು ತೂತು ಮಾಡಿದ ಕವರಿನಲ್ಲಿ ಹಾಕಿ ಕೆಳಗಿನ ಟ್ರೇಯಲ್ಲಿಡಿ. ಅದೇ ಟ್ರೇಯಲ್ಲಿ ಕೊತ್ತಂಬರಿ, ಸೌತೆಕಾಯಿ ಬೇಡ. ಎಥಿಲೀನ್ ತಾಗಿ ಹಳದಿಯಾಗುತ್ತವೆ, ಕ್ಯಾರೆಟ್ ಕಹಿಯಾಗುತ್ತದೆ. ಕಾಯಿ ಬಾಳೆ ಬೇಗ ಹಣ್ಣಾಗಬೇಕಿದ್ದರೆ ಮಾತ್ರ ಒಂದು ಸೇಬನ್ನು ಅದರ ಜೊತೆ ಕಟ್ಟಿಡಬಹುದು. ಹೀಗಿಟ್ಟರೆ ಜುಲೈ ಸೇಬು ವಾರ, ಹತ್ತು ದಿನ ಚೆನ್ನಾಗಿರುತ್ತದೆ. ಹಿಟ್ಟಾದದ್ದನ್ನು ಎಸೆಯಬೇಡಿ, ತುರಿದು ಕೇಸರಿಬಾತಿಗೆ ಹಾಕಿ.

ಬೇಸಿಗೆಯಲ್ಲೂ ಗರಿಗರಿ ಸೇಬು ಸಿಗುತ್ತದಲ್ಲ ಎನ್ನಬಹುದು. ಅದು ಹೊರದೇಶದ್ದಲ್ಲದಿದ್ದರೆ ಹಿಂದಿನ ವರ್ಷ ತಡವಾಗಿ ಕೊಯ್ದ ಹಣ್ಣು. ಸೊನ್ನೆ ಡಿಗ್ರಿಯ ಆಸುಪಾಸಿನ, ಆಮ್ಲಜನಕವನ್ನು ಶೇ 21ರಿಂದ ಶೇ 1–3ಕ್ಕೆ ಇಳಿಸಿದ ಕೋಣೆಗಳಲ್ಲಿ ಅದನ್ನು ಇಟ್ಟಿರುತ್ತಾರೆ. ಮನೆಯಲ್ಲಿ ಕೂಡಿಡಲೇಬೇಕು ಎನ್ನುವವರು ದಸರೆಯವರೆಗೆ ಕಾಯಲಿ. ಆಗ ಬರುವ ಕಾಶ್ಮೀರದ ಗಟ್ಟಿ ಡೆಲಿಷಿಯಸ್ ಫ್ರಿಜ್ಜಿನಲ್ಲಿ ತಿಂಗಳು ಕಳೆದರೂ ಅಲುಗುವುದಿಲ್ಲ.