ಇಲ್ಲದ್ದನ್ನು ಹಿಡಿಯುವ ಕೈ

ಕಾಸರಕೋಡಿನಿಂದ ಶರಾವತಿ ಸೇತುವೆ ದಾಟಿ ಕುಮಟಾದ ಕಡೆ ಹೋದರೆ ಅಘನಾಶಿನಿಯ ಅಳಿವೆ. ಇಳಿತದ ಹೊತ್ತಿಗೆ ಅಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರಿಗೆ ಕದಡಿದ ನೀರಲ್ಲಿ ಕಣ್ಣಿನಿಂದ ಏನೂ ಉಪಯೋಗವಿಲ್ಲ. ಕೆಸರಲ್ಲಿ ಬೆರಳಾಡಿಸಿ ಇದು ಕಲ್ಲು, ಇದು ಬಳಚು ಎಂದು ಕೈಯೇ ತೀರ್ಮಾನಿಸಬೇಕು. ವರ್ಚುವಲ್ ರಿಯಾಲಿಟಿಗೆ ಇನ್ನೂ ದಕ್ಕದಿರುವುದು ಇಂಥ ಕೈ. ಹೆಡ್‌ಸೆಟ್ಟು ಕಣ್ಣು, ಕಿವಿ ಎರಡನ್ನೂ ಚೆನ್ನಾಗಿಯೇ ನಂಬಿಸುತ್ತದೆ. ಆದರೆ ಅಲ್ಲಿ ಕಾಣುವ ಚಿಪ್ಪಿಗೆ ಕೈಹಾಕಿ ನೋಡಿ, ಬೆರಳು ಅದರೊಳಗೇ ತೂರಿಹೋಗುತ್ತದೆ!

ಈ ಕೊರತೆ ತುಂಬಲು ಬಂದದ್ದು ಹ್ಯಾಪ್ಟಿಕ್, ಅಂದರೆ ಸ್ಪರ್ಶದ ಅನುಭವ ಕೊಡುವ, ಕೈಗವಸು. ಅಗ್ಗದವುಗಳಲ್ಲಿ ಇರುವುದು ಮೊಬೈಲನ್ನು ಗುಂಯ್‌ಗುಡಿಸುವಂಥದೇ ಪುಟ್ಟ ಮೋಟಾರು. ಚರ್ಮದ ಆಳದಲ್ಲಿರುವ ಪಾಸಿನಿ ಕಣಗಳು ಸೆಕೆಂಡಿಗೆ ಸುಮಾರು 250 ಕಂಪನಗಳಿಗೆ ಚುರುಕಾಗಿ ಸ್ಪಂದಿಸುವುದರಿಂದ ಏನೋ ತಾಗಿತು ಎಂಬುದಷ್ಟೇ ತಿಳಿಯುತ್ತದೆ. ಅಂಚು, ಒತ್ತಡಗಳನ್ನು ಗುರುತಿಸುವ ಮರ್ಕೆಲ್ ಕೋಶಗಳಿಗೆ ಅದು ಸಾಲದು. ಈ ಕಂಪನವನ್ನೇ ಸ್ಪರ್ಶ ಎಂದು ಮಾರುವುದು ಜಾಹೀರಾತಿನವರ ಧೈರ್ಯ. ಅಮೆರಿಕದ ಹ್ಯಾಪ್ಟ್‌ಎಕ್ಸ್ ಗವಸು ನೂರಕ್ಕೂ ಹೆಚ್ಚು ಸಣ್ಣ ಗುಳ್ಳೆಗಳಿಗೆ ಗಾಳಿ ತುಂಬಿ ಚರ್ಮವನ್ನು ನಿಜವಾಗಿಯೂ ಒತ್ತುತ್ತದೆ. ನೆದರ್ಲೆಂಡ್ಸಿನ ಸೆನ್ಸ್‌ಗ್ಲೋವ್‌ನಲ್ಲಿ ಬೆರಳ ತುದಿಯಿಂದ ಹಸ್ತದ ಹಿಂಬದಿಗೆ ದಾರವಿದೆ, ದಾರಕ್ಕೆ ಬ್ರೇಕು. ಕಾಲ್ಪನಿಕ ಚೆಂಡಿಗೆ ಬೆರಳು ತಾಗಿದ ಕ್ಷಣ ಬ್ರೇಕು ಬಿಗಿಯುತ್ತದೆ, ಬೆರಳು ಮುಂದೆ ಮಡಚುವುದಿಲ್ಲ.

ಎಷ್ಟು ಬಲ ಕೊಡಬೇಕೆಂಬ ಲೆಕ್ಕವೂ ಬಿರುಸಾಗಿ ನಡೆಯಬೇಕು. ಸಿನಿಮಾ ನೋಡುವ ಕಣ್ಣಿಗೆ ಸೆಕೆಂಡಿಗೆ 24 ಚಿತ್ರ ಸಾಕು. ಬಿಗಿಯಾದ ವಸ್ತುವನ್ನು ಕೈ ನಂಬಬೇಕಾದರೆ ಬಲದ ಲೆಕ್ಕವನ್ನು ಸೆಕೆಂಡಿಗೆ ಸುಮಾರು 1000 ಸಲ ಮಾಡಬೇಕು. ಇಲ್ಲವಾದರೆ ಕಲ್ಲು ಕೂಡ ರಬ್ಬರಿನಂತೆ ಮೆತ್ತಗಾಗುತ್ತದೆ, ಇಲ್ಲವೇ ನಡುಗುತ್ತದೆ.

ಗವಸಿಗೆ ಇನ್ನೊಂದು ಮಿತಿಯಿದೆ, ಅದನ್ನು ಯಾವ ಬ್ರೇಕೂ ನೀಗಲಾರದು. ಅದು ನಿಂತಿರುವುದೇ ನಮ್ಮ ಕೈಮೇಲೆ. ಬೆರಳನ್ನು ತಡೆದೀತು, ತೋಳನ್ನು ತಡೆಯದು. ಕಾಣುವ ಗೋಡೆಗೆ ಒರಗಿದರೆ ಮುಗ್ಗರಿಸುವುದೇ ಗತಿ. ಎತ್ತಿದ ಕೊಡಕ್ಕೆ ಭಾರವೂ ಇಲ್ಲ. ಅದಕ್ಕೆ ಹೊರಗಿನ ಆಸರೆ ಬೇಕು, 1990ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಫ್ಯಾಂಟಮ್' ಎಂಬ, ಮೇಜಿನ ಮೇಲೆ ಕೂರುವ ಯಂತ್ರತೋಳಿನಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಮಂಡಯಂ ಶ್ರೀನಿವಾಸನ್ ಇದೇ ಎಂಐಟಿಯಲ್ಲಿ ಸ್ಪರ್ಶದ ಅಧ್ಯಯನಕ್ಕೆಂದು ಟಚ್ ಲ್ಯಾಬ್ ಕಟ್ಟಿದರು. 2002ರ ಅಕ್ಟೋಬರಿನಲ್ಲಿ ಅವರ ತಂಡ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರೊಂದಿಗೆ ಸೇರಿ ಒಂದು ಪ್ರಯೋಗ ಮಾಡಿತು. ಅಟ್ಲಾಂಟಿಕ್‌ನ ಆಚೆಗೊಬ್ಬರು, ಈಚೆಗೊಬ್ಬರು ಇಂಥ ತೋಳು ಹಿಡಿದು ಒಂದೇ ಕಾಲ್ಪನಿಕ ಪೆಟ್ಟಿಗೆಯನ್ನು ಜೊತೆಯಾಗಿ ಎತ್ತಿದರು. ಒಬ್ಬರು ಒತ್ತಿದ್ದು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಅವರಿಗೆ ತೊಡಕಾಗಿದ್ದು ಇಂಟರ್ನೆಟ್ಟಿನ ವಿಳಂಬ. ಕಣ್ಣಿಗೆ ಗೊತ್ತೇ ಆಗದಷ್ಟು ಸಣ್ಣ ತಡವನ್ನೂ ಕೈ ಹಿಡಿದುಬಿಡುತ್ತದೆ.